ಕಾಫಿ ಮಾರಿದ ಮೇಲೆ ಕೊಡ್ತೀನಿ

ಮಾದೇವಮ್ಮ ಕಣದಲ್ಲಿ ಹರಡಿದ್ದ ಕಾಫಿಯನ್ನು ಗೋರುಮಣೆಯಿಂದ ತಿರುವಿಹಾಕುತ್ತಿದ್ದಳು. ಆ ತುದಿಯಲ್ಲಿ ಮಗಳು ಧನುಶ್ರೀ ಕಡ್ಡಿ, ಎಲೆ ಆರಿಸುತ್ತ ಕೂತಿದ್ದಳು. ಅವಳ ಫೋನು ಬೆಳಗಿನಿಂದ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುತ್ತಿರಲಿಲ್ಲ. ಹಾಸನದಲ್ಲಿ ಎಂ.ಎ. ಓದುವ ಹುಡುಗಿ ರಜೆಗೆಂದು ಬಂದವಳು, "ಓದು ಸಾಕು" ಎಂದು ಕೂತುಬಿಟ್ಟಿದ್ದಳು. ಯಾಕೆ ಅಂದರೆ ಬಾಯಿ ಬಿಡಳು. ಯಾರಾದರೂ ಹುಡುಗನ ಕಾಟವೋ, ಹೇಳಲಾಗದ ಕಾಯಿಲೆಯೋ ಎಂದು ತಾಯಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಹಾನುಬಾಳಿನ ದಿನಸಿ ಅಂಗಡಿ ಮುಖ್ತಾರ್ ಸಾಹೇಬರ ಮಗಳು ಗೌಸಿಯಾ ಏದುಸಿರು ಬಿಡುತ್ತ ಬಂದಳು. ಅವಳು ಧನುವಿನ ಜೊತೆಗೇ ಓದುವವಳು.

"ಆಂಟಿ, ಸೋಮವಾರ ಪರೀಕ್ಷೆ ಫೀಸಿಗೆ ಕಡೇ ದಿನ. ಈ ಮಾರಾಯ್ತಿ ಫೋನೇ ಎತ್ತಲ್ಲ!"

"ಫೀಸು ಆವಾಗ್ಲೇ ಇವಳ ಅಕೌಂಟಿಗೆ ಹಾಕ್ಬುಟ್ಟಿದ್ದೀನಲ್ಲವ್ವಾ!"

ಧನುಶ್ರೀ ತಲೆ ಎತ್ತಲಿಲ್ಲ. "ಬಂತವ್ವ. ಬಂದ ದಿನಾನೇ ಹೊಂಟೋಯ್ತು."

ಆಮೇಲೆ ಒಂದೊಂದೇ ಹೊರಬಂತು. ಫೋನಿನಲ್ಲಿ "ಈಗ ತಗೊಳ್ಳಿ, ಆಮೇಲೆ ಕೊಡಿ" ಅನ್ನುವ ಆ್ಯಪ್ ಇತ್ತು. ಮೊದಲು ಚಪ್ಪಲಿ, ಆಮೇಲೆ ಸ್ವೆಟರು, ಆಮೇಲೆ ಗೆಳತಿಯರಿಗೆ ಬಿರಿಯಾನಿ. ಕಂಪನಿ ತಾನಾಗಿಯೇ ಅಕೌಂಟಿನಿಂದ ಕಡಿದುಕೊಳ್ಳಲು ಓದದೆ ಒಪ್ಪಿಗೆ ಒತ್ತಿದ್ದಳು. ಈಗ ಅಕೌಂಟಿಗೆ ಬಂದದ್ದೆಲ್ಲ ಅದಕ್ಕೇ ಹೋಗುತ್ತಿತ್ತು.

"ಕಾಫಿ ಮಾರಿದ ಮೇಲೆ ಕೊಟ್ರಾಯ್ತು ಅನ್ಕೊಂಡೆ," ಎಂದಳು.

"ಅದ್ರಲ್ಲಿ ಏನು ತಪ್ಪೈತೆ?" ಮಾದೇವಮ್ಮ ಗೌಸಿಯಾಳನ್ನೇ ಕೇಳಿದಳು. "ನಿಮ್ಮಪ್ಪನ ಅಂಗಡೀಲಿ ನಾವೂ ಅಂಗೇ ಅಲ್ವಾ? ಮಳೆಗಾಲದಾಗೆ ತರ್ತೀವಿ, ಕಾಫಿ ಮಾರಿ ತೀರಿಸ್ತೀವಿ. ಒಂದು ಮಾತು ಅಂದಿಲ್ಲ ಅವರು."

"ನಿಮ್ಮ ಮುಂದೆ ಅನ್ನಲ್ಲ ಆಂಟಿ, ಮನೇಲಿ ನಮ್ಮ ಮುಂದೆ ಅಂತಾರೆ!" ಗೌಸಿಯಾ ನಕ್ಕಳು. "ನಮ್ಮಪ್ಪಂಗೆ ನಿಮ್ಮ ತೋಟ ಗೊತ್ತು, ಮಳೇಲಿ ಕಾಯಿ ಉದುರಿದ್ದು ಗೊತ್ತು. ಆ ಫೋನಿಗೆ ಗೊತ್ತಿರೋದು ತಾರೀಖು ಒಂದೇ. ತಾರೀಖು ದಾಟಿದ್ರೆ ದಂಡ. ಅಕೌಂಟಲ್ಲಿ ದುಡ್ಡಿಲ್ದಿದ್ರೆ ಬ್ಯಾಂಕಿನವರದ್ದು ಇನ್ನೊಂದು ದಂಡ."

ಮಾದೇವಮ್ಮ ಗೋರುಮಣೆ ಕೆಳಗಿಟ್ಟಳು. "ಇದಕ್ಕಾ ಓದು ಬುಡ್ತೀನಿ ಅಂದಿದ್ದು? ನಂಗೆ ಹೇಳ್ಬಾರ್ದಿತ್ತಾ?"

"ಬೈತೀಯ ಅಂತ."

"ಬೈತೀನಿ. ಬೈದ ಮೇಲೆ ಅನ್ನಾನೂ ಇಕ್ತೀನಲ್ಲ!"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹುಡುಗನ ಕಾಟವೂ ಅಲ್ಲ, ಕಾಯಿಲೆಯೂ ಅಲ್ಲ ಎಂದು ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ ಕಣದ ಅಂಚಿನಲ್ಲಿ ಕೂತಳು. "ಮೆಣಸು ಒಂದು ಚೀಲ ಮಡಗಿವ್ನಿ. ನಾಳೇನೇ ಮಾರಿ ಫೀಸು ಕಟ್ಟಾನ."

"ಇವಳ ಅಕೌಂಟಿಗೆ ಮಾತ್ರ ಹಾಕ್ಬೇಡಿ, ಆಂಟಿ. ನಿಮ್ಮದರಿಂದಲೇ ಕಟ್ಟಿ. ನಾಳೆ ಬ್ಯಾಂಕಿಗೂ ಹೋಗಿ ಆ ಕಡಿತ ನಿಲ್ಸೋಕೆ ಬರೆದುಕೊಡೋಣ. ಹಂಗಂತ ಸಾಲ ಏನೂ ಕರಗಲ್ಲ. ಪೂರ್ತಿ ಲೆಕ್ಕ ಕೊಡಿ, ಕಂತು ಮಾಡಿಕೊಡಿ ಅಂತ ಕಂಪನಿಗೂ ಬರೀಬೇಕು. ತಿಂಗಳಾದ್ರೂ ಉತ್ತರ ಬರಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು."

"ಕಂಪನಿಗೆ ದೀಪಾವಳಿಲೇ ಬರೆದಿಟ್ಟಿದ್ದೀನಿ ಕಣೇ," ಧನು ಫೋನು ತೋರಿಸಿದಳು. "ಕಳ್ಸೋಕೆ ಭಯ. ಸಾಲ ಕೇಳ್ಕೊಂಡು ಅವರು ಮನೆಗೇ ಬಂದ್ಬುಟ್ರೆ?"

"ಬರ್ಲಿ ಬುಡು. ಕಾಫಿ ತಿರುವಾಕೋಕೆ ಆಳು ಸಿಕ್ತಿಲ್ಲ ನಂಗೆ," ಎಂದಳು ಮಾದೇವಮ್ಮ.

ಮೂವರೂ ನಕ್ಕರು. ಗೌಸಿಯಾ ತಟ್ಟನೆ ನಿಲ್ಲಿಸಿ, "ಲೇ, ನನ್ನ ಬರ್ತ್‌ಡೇ ಕೇಕೂ ಆ ಸಾಲದ್ದೇನಾ?" ಎಂದಳು.

"ಹೂಂ."

"ಅಯ್ಯೋ, ಅದು ಬಲು ಸಪ್ಪೆ ಇತ್ತು ಕಣೇ!"

ಅವರ ಮನೆಯ ಹತ್ತಿರ ಮಾತಿಗೆ ಸಿಗ್ನಲ್ ಉಂಟು, ಇಂಟರ್ನೆಟ್ಟಿಗೆ ಇಲ್ಲ. ಧನು ಬರೆದಿಟ್ಟಿದ್ದನ್ನು ಕಂಪನಿಗೆ ಕಳಿಸಲು ದಿಬ್ಬದ ಮೇಲಿನ ನೀರಿನ ಟ್ಯಾಂಕಿನವರೆಗೆ ಹತ್ತಬೇಕು. ಅವರು ಹತ್ತುವಷ್ಟರಲ್ಲಿ, ಓದುವ ಮಕ್ಕಳೇ, ನಿಮಗೊಂದು ಮಾತು. ಮನೆಯಿಂದ ದುಡ್ಡು ಬಂದ ದಿನವೇ ಫೀಸು, ಊಟ, ಬಸ್ಸಿನದು ಬೇರೆ ತೆಗೆದಿಡಿ. ಮಿಕ್ಕಿದ್ದರಲ್ಲಿ ಬೇಕಾದರೆ ಬಿರಿಯಾನಿ ತಿನ್ನಿ. ಓದದೆ ಒಪ್ಪಿಗೆ ಒತ್ತಬೇಡಿ. ಸಿಕ್ಕಿಹಾಕಿಕೊಂಡಿದ್ದರೆ, ಇವತ್ತೇ ಮನೆಯಲ್ಲಿ ಹೇಳಿ. ತಾಯಂದಿರೇ, ಹೇಳಲು ಬಂದ ಮಕ್ಕಳ ಮಾತನ್ನು ಪೂರ್ತಿ ಕೇಳಿ, ಬೈಗುಳ ಆಮೇಲಿರಲಿ.

ಧನುಶ್ರೀ ಟ್ಯಾಂಕಿನ ಕಟ್ಟೆ ಹತ್ತಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಪರದೆಯಲ್ಲಿ ಸಣ್ಣ ಚಕ್ರ ತಿರುಗಿತು, ತಿರುಗಿತು.

"ಹೋಯ್ತಾ?" ಕೆಳಗಿನಿಂದ ಮಾದೇವಮ್ಮ ಕೂಗಿದಳು.

"ತಡಿಯವ್ವ..."

ಚಕ್ರ ನಿಂತಿತು.

"ಹೋಯ್ತು!"