ಗೂಡಿನ್ಯಾಗಿನ ಬಾಟ್ಲಿ

ನಮ್ಮ ಗೌರವ್ವ ಬರೂದು ಮಟಮಟ ಮಧ್ಯಾಹ್ನದಾಗ. ರಾತ್ರಿ ಬರೂ ದೆವ್ವಕ್ಕ ಮಂದಿ ನಿಂಬಿಹಣ್ಣು ಇಳಿಸ್ತಾರ, ಹಣಿಗೆ ಅಂಗಾರ ಹಚ್ಚತಾರ. ಹಗಲಿ ಬರೂ ಕೂಸಿಗೆ ಏನ್ ಮಾಡ್ತೀರಿ? ಅಡಗಿಮನಿ ಗ್ವಾಡಿಯ ಗೂಡಿನ ಕೆಳಗ ನಿಂತು, ಔಷಧಾ ಕುಡಿಯಾಕ ತುಟಿ ಮುಂದ ಮಾಡ್ತಾಳ. ಎಷ್ಟ ಕಹಿ ಇದ್ರೂ ಒಲ್ಲೆ ಅನ್ನಲಾರದ ಕೂಸು ಅದು. ಸತ್ತಾಗ ನಾಕು ವರ್ಷದಾಕಿ ನನ್ನ ಮಗಳು. ಐದು ವರ್ಷ ಆತು, ಇನ್ನೂ ನಾಕರಾಕೀನ ಅದಾಳ.

ಆಕಿನ್ನ ಕೊಂದಾಂವ ಚಸ್ಮಾದ ಡಾಕ್ಟರ ಅಂತ ಮೇಲವಂಕಿ ಊರೆಲ್ಲಾ ಹೇಳತೈತಿ. ನಾನೂ ಹೆಬ್ಬಟ್ಟು ಒತ್ತಿ ಹೇಳೇನಿ.

ಅರವತ್ತಾರನೇ ಇಸವಿ ಸುಗ್ಗಿಯೊಳಗ ದಡ್ಡಿ ಊರಿಂದ ಉದ್ದಪ್ಪ ಅನ್ನಾಂವ ನಮ್ಮ ಮನಿ ಹುಡಿಕ್ಕೋತ ಬಂದ. ನಮ್ಮ ಮನ್ಯಾವ್ರು ಪಡಸಾಲ್ಯಾಗ ಹಗ್ಗಾ ಹೊಸೀತಿದ್ರು. ಅವರು ಯಾವಾಗ್ಲೂ ಅಡಗಿಮನಿಗೆ ಬೆನ್ನ ಮಾಡೇ ಕುಂಡ್ರಾವ್ರು. ಒಲಿ ಹೊಗಿ ಕಣ್ಣಿಗೆ ಬರತೈತಿ ಅಂತಿದ್ರು. ಬಂದಾಂವಗ ಬೆಲ್ಲಾ ನೀರು ಕೊಟ್ನಿ.

"ದುರ್ಗಪ್ಪನ ಮನಿ ಇದ ಹೌದಲ್ರಿ?" ಅಂದ. "ನನ್ನ ಮಗಳು ಕೆಂಪವ್ವಗ ಕಿವಿ ಹಿಂದ ಬಾವು ಬಂದೈತಿ. ಹುಕ್ಕೇರ್ಯಾಗ ಈಗ ಒಬ್ಬಾವ ಚಸ್ಮಾದ ಡಾಕ್ಟರ ಕುಂತಾನ. ಇವತ್ತ ನಾಳಿಯೊಳಗ ಕೊಯ್ಯಬೇಕು, ತಡಾ ಮಾಡಿದ್ರ ಕೀವು ತಲಿಗೆ ಏರತೈತಿ ಅಂತಾನ. ಸಂತ್ಯಾಗ ಮಂದಿ ಬ್ಯಾರೇನ ಅಂದ್ರು. ಇಂವ ಗೋಕಾಕ ಕಡೆ ಒಂದು ಕೂಸು ಕೊಂದಾನ, ಸರಕಾರದವ್ರು ಎರಡು ವರ್ಷ ಲಾಯಸೆನ್ಸ್ ಕಸಗೊಂಡಿದ್ರು ಅಂತ."

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡರಂತ. ನನ್ನ ಕೈ ಸೆರಗಿಗೆ ಹೋತು.

"ಖರೆ ಖೊಟ್ಟಿ ನೋಡೂಣಂತ ಗೋಕಾಕಕ್ಕ ಹೋಗಿ, ಕಚೇರ್ಯಾಗ ಒಬ್ಬ ಕಾರಕೂನನ ಕೈಕಾಲ ಹಿಡದು ಹಳೇ ಕಾಗದಾ ತೆಗಿಸಿ ಓದಿಸಿದ್ನಿ. ಔಷಧದಾಗ ವಿಷಾ ಇತ್ತಂತ, ತಾಯಿ ಸಾತವ್ವ ಸಾಕ್ಷಿ ಹೇಳ್ಯಾಳಂತ. ಕಾಗದಾ ಏನರ ಹೇಳಲಿ. ಹಡದಾಕಿ ಬಾಯಿಲೆ ಕೇಳಬೇಕಂತ ಬಂದೇನಿ. ನೀವು ಹೂಂ ಅಂದ್ರ ಕೊಯ್ಸತೇನಿ. ಬ್ಯಾಡ ಅಂದ್ರ ತಪ್ಪಲಾ ಅರದು ಕಟ್ಟೂ ಮುದುಕಿ ಅದಾಳ, ಅಲ್ಲಿಗೆ ಒಯ್ತೇನಿ."

"ಕೇಳೂದೇನೈತ್ರಿ?" ನಮ್ಮ ಮನ್ಯಾವ್ರು ಹಗ್ಗದ ಮ್ಯಾಲಿನ ಕಣ್ಣು ಎತ್ತಲಿಲ್ಲ. "ಅಂವ ಕೊಲೆಗಡಕ. ಕೂಸಿನ ಸಮೀಪ ಬಿಟ್ಟಗೊಬ್ಯಾಡ್ರಿ."

ಉದ್ದಪ್ಪ ಅವರನ್ನ ಬಿಟ್ಟು ನನ್ನ ಮಾರಿ ನೋಡಿದ. "ತಂಗಿ, ನೀ ಹೇಳವಾ. ನನ್ನ ಕೂಸಿಗೂ ನಾಕ ವರ್ಷ."

ಒಳಗ ಗೂಡಿನ ಕೆಳಗ ಗೌರವ್ವ ನಿಂತಿದ್ಲು. ತುಟಿ ಮುಂದ ಮಾಡಿದ್ಲು. ಸುಳ್ಳು ಹೇಳಿದ್ರ ನಾಳಿಂದ ಆಕಿ ಬಾಜೂಕ ಇನ್ನೊಂದು ಕೂಸು ನಿಂದರತೈತಿ ಅನಿಸ್ತು. ಹೊಸ್ತಿಲಕ್ಕ ಕುಂತಬಿಟ್ನಿ.

"ಅಣ್ಣಾರ, ಕೊಯ್ಸ್ರಿ," ಅಂದ್ನಿ. "ಕೊಂದಾಕಿ ನಾನು."

ಹೇಳಾಕ ಸುರು ಮಾಡಿದ ಮ್ಯಾಲೆ ನಿಂದರಲಿಲ್ಲ. ಆಗ ದವಾಖಾನಿಗೆ ಮನಿಯಿಂದ ಬಾಟ್ಲಿ ಒಯ್ಯಬೇಕಿತ್ತು. ಡಾಕ್ಟರ ಅದರಾಗ ಕೆಂಪು ಔಷಧಾ ತುಂಬಿ, ಒಂದು ಹೊತ್ತಿಗೆ ಎಷ್ಟು ಅಂತ ಕಾಗದದ ಪಟ್ಟಿ ಅಂಟಿಸಿ ಕೊಡಾಂವ. ಕೂಸಿನ ಮೈ ಸುಡತಿತ್ತು. ಗೂಡಿನ್ಯಾಗ ಒಂದು ಬಾಟ್ಲಿ ಸ್ವಚ್ಛ ಕಂಡಿತು, ತಗೊಂಡು ಓಡಿದ್ನಿ. ಯಾರ ಇಟ್ಟಾರ, ಯಾಕ ಇಟ್ಟಾರ ಅಂತ ವಿಚಾರ ಮಾಡಲಿಲ್ಲ. "ತೊಳದೀಯೇನವಾ?" ಅಂತ ಡಾಕ್ಟರ ಕೇಳಿದ. ತೊಳದಿರದಿದ್ರೂ ಹೂಂರಿ ಅಂದ್ನಿ. ಪಾಳಿಯೊಳಗ ನಲವತ್ತ ಮಂದಿ ಇದ್ರು, ಅಂವ ಮೂಸಿ ನೋಡಲಿಲ್ಲ. ಅದೊಂದು ಅವನ ತಪ್ಪು. ಉಳಿದದ್ದೆಲ್ಲಾ ನಂದು. ಮಣ್ಣು ಕೊಟ್ಟ ಬಂದ ಮ್ಯಾಲೆ ಆ ಬಾಟ್ಲಿ ಮೂಸಿದ್ರ, ಔಷಧದ ವಾಸನಿ ಕೆಳಗ ಹತ್ತಿ ಹುಳಕ್ಕ ಹೊಡಿಯೂ ಎಂಡ್ರಿನ್ ವಾಸನಿ ಇತ್ತು. ಹಾಳಬಾವಿಗೆ ಒಗದು ಬಂದ್ನಿ. ಸರಕಾರದವ್ರ ಚೌಕಸಿಯೊಳಗ ಡಾಕ್ಟರ ಹಾದಿ ತಪ್ಪಿದವನಂಗ ಅದೊಂದ ಮಾತು ಕೇಳತಿದ್ದ, ಬಾಟ್ಲಿ ತರಸ್ರಿ, ಬಾಟ್ಲಿ ತರಸ್ರಿ ಅಂತ. ಒಡೀತ್ರಿ ಅಂತ ಹೇಳಿ ಹೆಬ್ಬಟ್ಟು ಒತ್ತಿದ್ನಿ.

ಉದ್ದಪ್ಪ ನೀರು ಕುಡದ ತಂಬಿಗಿ ನೋಡಿದ. ಆಮ್ಯಾಲೆ ಟವೆಲ್ಲಿಲೆ ಬಾಯಿ ಒರಸಿಕೊಂಡ, ಎರಡೆರಡ ಸಲಾ. ಬಸ್ ಹಿಡಿಯಾಕ ಓಡಿದ.

ನಮ್ಮ ಮನ್ಯಾವ್ರ ಕೈ ಯಾವಾಗ ನಿಂತಿತ್ತೋ ಗೊತ್ತಿಲ್ಲ. ಹೊಡದಾರು, ತವರಿಗೆ ಅಟ್ಯಾರು ಅಂತ ತಲಿ ಬಗ್ಗಿಸಿ ಕುಂತಿದ್ನಿ.

"ಆ ಎಂಡ್ರಿನ್ ಬಾಟ್ಲಿ ತೊಳದು ಗೂಡಿನ್ಯಾಗ ಇಟ್ಟಾಂವ ನಾ," ಅಂದ್ರು. "ಚಿಮಣಿಎಣ್ಣಿ ತರಾಕ ಬರತೈತಿ ಅಂತ ಇಟ್ಟಿದ್ನಿ. ಮಣ್ಣು ಕೊಟ್ಟ ಬಂದು ಗೂಡು ನೋಡಿದ್ನಿ, ಖಾಲಿ ಇತ್ತು. ಅವತ್ತ ತಿಳೀತು."

"ತಿಳದ ಮ್ಯಾಲೂ ಅವನ ಮ್ಯಾಲೆ ತಕರಾರ ಕೊಟ್ರೇನು?"

"ಅವನ ಹೆಸರ ಜೋರ ಒದರಿದ್ರ, ನನ್ನ ಹೆಸರ ನಿನಗ ಕೇಳಸೂದಿಲ್ಲ ಅಂತ."

ನನಗ ಸಿಟ್ಟು ಬಂತು. ಖರೆ ಹೇಳತೇನಿ, ಅಳು ಬರಲಿಲ್ಲ, ಸಿಟ್ಟ ಬಂತು. ಐದು ವರ್ಷ ಒಂದ ತಾಟಿನ್ಯಾಗ ಉಂಡು, ಒಬ್ಬರಿಗೊಬ್ಬರು ಕಳ್ಳರಾಗಿ ಬದುಕಿದ್ವಿ. ನಮ್ಮ ತಾಟಿನ್ಯಾಗ ಹೆಗ್ಗಣಾ ಸತ್ತ ಬಿದ್ದಿತ್ತು, ಇನ್ನೊಬ್ಬನ ತಾಟಿನ್ಯಾಗಿನ ನೊಣಾ ಊರಿಗೆ ತೋರಿಸಿದ್ವಿ.

ಅವರು ಕುಂತಲ್ಲೇ ಅಡಗಿಮನಿ ಕಡೆ ತಿರಗಿದ್ರು. ಐದು ವರ್ಷದಾಗ ಅದ ಮೊದಲು.

"ಬಂದಾಳೇನು?" ಅಂದ್ರು.

"ನಿಮಗೂ ಕಾಣತಾಳೇನ್ರಿ?"

"ಕಾಣೂದಿಲ್ಲ. ಬೆನ್ನಿಗೆ ಗೊತ್ತಾಗತೈತಿ."

ಆ ದಿವಸ ಒಲಿ ಹಚ್ಚಲಿಲ್ಲ. ಮರುದಿವಸ ಇಬ್ಬರೂ ಹುಕ್ಕೇರಿಗೆ ಹೋದ್ವಿ. ದವಾಖಾನಿ ಕಟ್ಟಿಮ್ಯಾಲೆ ಉದ್ದಪ್ಪ ಮಗಳನ್ನ ತೊಡಿಮ್ಯಾಲೆ ಹಾಕ್ಕೊಂಡು ಕುಂತಿದ್ದ. ಕೂಸಿನ ತಲಿಗೆ ಬಿಳೇ ಪಟ್ಟಿ ಕಟ್ಟಿತ್ತು, ಬಾಯಾಗ ಪೆಪ್ಪರಮೆಂಟ ಇತ್ತು. ಅಂವ ನಮಗ ಜಾಗಾ ಸರದ ಕೊಟ್ಟ.

ಒಳಗ ಡಾಕ್ಟರನ ತಲಿ ಪೂರಾ ಬೆಳ್ಳಗಾಗಿತ್ತು. ನನ್ನ ನೋಡಿದಾವನ ಎದ್ದು ನಿಂತ. ಹಾದಿ ಉದ್ದಕ್ಕೂ ಏನೇನೋ ಹೇಳಬೇಕಂತ ಬಾಯಿಪಾಠ ಮಾಡಿಕೊಂಡು ಬಂದಿದ್ನಿ. ನಾ ಬಾಯಿ ತೆಗಿಯೂಕಿಂತ ಮೊದಲ ಅಂವ ನನ್ನ ಕೈ ನೋಡಿ ಕೇಳಿದ.

"ಬಾಟ್ಲಿ ತಂದೀರೇನ್ರಿ?"