ಹಾರದ ಮಿಡತೆಗಳು

ನಮ್ಮ ಗಡ್ಡಪ್ಪನಿಗೆ ನೀರು ಕುಡಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ. ಗಡ್ಡಪ್ಪ ಎಂದರೆ ಬಿಯರ್ಡೆಡ್ ಡ್ರಾಗನ್, ಗಂಟಲಿನ ಕೆಳಗೆ ಮುಳ್ಳುಗಡ್ಡವಿರುವ, ಓತಿಯಂಥ ಮೊಳದುದ್ದದ ಸಾಕುಪ್ರಾಣಿ. ನೆರೆಮನೆಯವರು ‘ಓತಿಕ್ಯಾತ’ ಎಂದು ನಗುತ್ತಾರೆ. ನಗಲಿ, ಅವರ ಗಂಟೇನು ಹೋಯಿತು? ನನ್ನ ಗಂಡ ಜಂಬುನಾಥ ಮೊಬೈಲಿನಿಂದ ಮುಖ ಎತ್ತುವುದಿಲ್ಲ. ಈ ಮನೆಯಲ್ಲಿ ನಾನು ಬಂದರೆ ತಲೆಯೆತ್ತಿ ನೋಡುವ ಜೀವ ಅದೊಂದೇ.

ಬಟ್ಟಲಲ್ಲಿ ನಿಂತ ನೀರು ಅದಕ್ಕೆ ಕಾಣುವುದೇ ಇಲ್ಲ. ಡ್ರಾಪರಿನಿಂದ ಮೂಗಿನ ಮೇಲೆ ಹನಿ ಬಿಟ್ಟರೆ ಮಾತ್ರ ನೆಕ್ಕುತ್ತದೆ. ಶಿವರಾತ್ರಿ ಕಳೆದು ಬಿಸಿಲೇರಿದ ಹಾಗೆ ಅದರ ಕಣ್ಣುಗಳು ಗುಳಿಬಿದ್ದವು. ಅದರ ಊಟಕ್ಕೆಂದು ಬೆಂಗಳೂರಿನಿಂದ ತರಿಸಿದ ಹುಳುಗಳು ಬಸ್ಸಿನ ಸೆಕೆಗೇ ಸತ್ತಿದ್ದವು. ನುಗ್ಗೆಸೊಪ್ಪನ್ನು ಮೂಸಿಯೂ ನೋಡಲಿಲ್ಲ. ನನಗೆ ಜೀವವೇ ಬಾಯಿಗೆ ಬಂದಿತ್ತು.

ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ತಮ್ಮ ಹುಲುಗೇಶನಿಗೆ ಹೇಳಿಕೊಂಡೆ. “ಅಳಬ್ಯಾಡಕ್ಕ, ನಮ್ ಗದ್ದ್ಯಾಗ ಮಿಡತಿ ಬೇಕಾದಷ್ಟು ಅದಾವ,” ಎಂದ. ಮರುದಿನ ಬೆಳಿಗ್ಗೆಯೇ ಡಬ್ಬಿ ಹಿಡಿದು ಬಂದ.

ಮುಚ್ಚಳ ತೆಗೆದೆ. ಹಾರಿ ಮನೆ ತುಂಬಿಕೊಂಡಾವು ಎಂದು ಹೆದರಿದ್ದೆ, ಒಂದೂ ಹಾರಲಿಲ್ಲ. ಕಾಲೆಳೆಯುತ್ತ ತಳದಲ್ಲೇ ತೆವಳುತ್ತಿದ್ದವು. ಪಾಪ, ಪ್ರಯಾಣದ ಸುಸ್ತು ಅಂದುಕೊಂಡೆ. ಗಡ್ಡಪ್ಪ ಮಾತ್ರ ಹಬ್ಬದೂಟದ ಹಾಗೆ ಗಬಗಬ ತಿಂದ. ಖುಷಿಗೆ ತಮ್ಮನಿಗೆ ಒಬ್ಬಟ್ಟು ಮಾಡಿ ಬಡಿಸಿ ಬಸ್ಸು ಹತ್ತಿಸಿದೆ.

ಸಂಜೆಗೆ ಗಡ್ಡಪ್ಪನ ಗಡ್ಡ ಕಪ್ಪಾಯಿತು. ಕಾಲುಗಳು ನಡುಗತೊಡಗಿದವು. ನೀರು ಸಾಲದೆ ಹೀಗಾಯಿತೆಂದು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆ. ತಲೆ ನಿಲ್ಲಲಿಲ್ಲ, ನೀರಿಗೇ ವಾಲಿತು. ದನದ ಡಾಕ್ಟರು ಚಿದಾನಂದಪ್ಪನವರಿಗೆ ಫೋನು ಮಾಡಿದರೆ, “ಏನ್ ತಿಂದೈತಿ? ಅದನ್ನ ಎಲ್ಲಿಂದ ತಂದ್ರಿ? ಮೊದ್ಲು ಅದನ್ನ ಕೇಳ್ರಿ,” ಎಂದರು. ಕೂಡಲೇ ತಮ್ಮನಿಗೆ ಫೋನು ಮಾಡಿದೆ.

“ಲೇ ಹುಲುಗೇಶ, ಅಷ್ಟು ಮಿಡತಿ ಹೆಂಗ್ ಹಿಡದ್ಯೋ?”

ತಮ್ಮ ಹೆಮ್ಮೆಯಿಂದ ನಕ್ಕ. “ಹಿಡಿಯೋದೇನಕ್ಕ, ಆರಿಸ್ಕೊಂಡೆ. ಮೊನ್ನಿ ಭತ್ತಕ್ಕ ಔಷಧಿ ಹೊಡದೀವಿ. ಬದುವಿನ ಮ್ಯಾಲ ಸುಮ್ನ ಬಿದ್ದಿರ್ತಾವ, ಒಂದೂ ಹಾರಂಗಿಲ್ಲ. ನಾಳಿ ಇನ್ನೊಂದು ಡಬ್ಬಿ ತರ್ಲೇನು?”

ಫೋನು ಕಿವಿಯಲ್ಲಿದ್ದಂತೆಯೇ ಗಡ್ಡಪ್ಪನ ಮೂಗಿನ ಮೇಲೆ ಒಂದು ಹನಿ ಬಿಟ್ಟೆ. ಹನಿ ಕಪ್ಪು ಗಡ್ಡದಿಂದ ಜಾರಿ ನನ್ನ ಅಂಗೈಗೆ ಬಿತ್ತು. ನಾಲಿಗೆ ಹೊರಗೆ ಬರಲಿಲ್ಲ. ಇನ್ನೊಂದು ಹನಿ ಬಿಟ್ಟೆ.

“ಅಕ್ಕಾ, ತರ್ಲೇನು?” ಎಂದು ತಮ್ಮ ಪ್ರೀತಿಯಿಂದ ಕೇಳುತ್ತಲೇ ಇದ್ದ.