ಗೋಡೆಯ ಮೇಲಿನ ಗುಂಡುಗೆರೆ

ಗೋಗಿಯ ಮದೀನಾಬೀ ನೆರೆಮನೆಯ ಬಾಲರಾಜನಿಗೆ ಮೊಬೈಲಿನ ಫೋಟೊ ತೋರಿಸಿದಳು. ದೂರದೇಶದಲ್ಲಿ ಕೆಲಸಕ್ಕಿದ್ದ ಮಗ ಮುಜಫರ ಭೂಕಂಪದ ರಾತ್ರಿ ಮಲಗಿದ್ದ ಕಟ್ಟಡ ಅದು. ಬಿದ್ದು ಉಳಿದ ಗೋಡೆಯ ಮೇಲೆ ಬಣ್ಣದ ಚೌಕ, ಅದರೊಳಗೆ ಅಂಕಿಗಳು, ಸುತ್ತ ಗುಂಡುಗೆರೆ, ನಡುವೆ ಅಡ್ಡಗೆರೆ.

“ಜನಗಣತಿಯವ್ರು ನಮ್ಮ ಗ್ವಾಡಿಗಿ ಬರದಂಗ ಬರದಾರ ನೋಡು. ಲೆಕ್ಕಕ್ಕ ಹಿಡದಾರ, ಅಂದಮ್ಯಾಲ ಅವನ್ನ ಹೊರಗ ತಗೀತಾರ.”

ಬಾಲರಾಜ ರಕ್ಷಣಾ ಪಡೆಯಲ್ಲಿ ದುಡಿದು ಬಂದವನು. “ಎಲ್ಲಾ ದೇಶದ ತಂಡಕ್ಕೂ ಅದು ಒಂದೇ ಗುರುತು ಚಾಚಿ. ಹುಡುಕೂದು ಮುಗದದ. ಜೀವಂತ ಸಿಕ್ಕವ್ರು ಸೊನ್ನಿ.”

“ಬ್ಯಾರೆ ದೇಶದವ್ರು ಒಮ್ಮಿ ನೋಡಂಗಿಲ್ಲೇನು?”

“ಆ ಗೆರಿ ಕಂಡ್ರ ಯಾರೂ ನಿಲ್ಲಂಗಿಲ್ರಿ. ಮುಂದಿನ ಮನಿಗಿ ಹೋಗ್ತಾರ.”

“ಆ ಮನ್ಯಾಗರ ಯಾರಾರ ಸಿಗ್ಲಿ.”

ಮಗ ಬದುಕಿದ್ದಾನೆಂದು ಎಂಟು ದಿನ ನೆರೆಯವರ ಊಟ ವಾಪಸು ಕಳಿಸಿದ್ದವಳು ಒಳಗೆ ಹೋದಳು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ನೀರು ಚಿಮುಕಿಸಿ ಆರಿಸಿದಳು.